ಹಕ್ಕಿಯ ಮುಖ ಯಾವ ಕಡೆಗೆ

ಗೋದಾಮಿನ ಷಟರು ಅರ್ಧ ಇಳಿದಾಗಲೇ ಉಡ ತಿರುಗಿ ನೋಡಿದ. ಓಡಿದ್ದರೆ ಬಗ್ಗಿ ನುಸುಳಬಹುದಿತ್ತೇನೋ. ಆದರೆ ವಯಸ್ಸಾದ ಸೊಂಟ ಬಗ್ಗುವ ಮೊದಲು ನಾಲ್ಕು ಸಲ ಯೋಚಿಸುತ್ತದೆ. ಅದರ ಯೋಚನೆ ಮುಗಿಯುವಷ್ಟರಲ್ಲಿ ಷಟರು ನೆಲಕ್ಕೆ ಬಡಿಯಿತು, ಹೊರಗಡೆ ಬೀಗ ಬಿದ್ದ ಸದ್ದೂ ಕೇಳಿಸಿತು.

"ಒಳಗೆ ಜನ ಇದ್ದಾರೆ ಕಣಪ್ಪಾ," ಎಂದು ಕೂಗಿದ. ಗೊತ್ತಿದ್ದೇ ಬೀಗ ಹಾಕಿದ್ದಾರೆ ಎಂಬುದು ಕೂಗಿ ಆದ ಮೇಲೆ ಹೊಳೆಯಿತು.

ಉಡ ಎಂದು ಅವನಿಗೆ ಹೆಸರಿಟ್ಟವರು ವಿಮಾ ಕಂಪನಿಯ ಗೆಳೆಯರು. ಸಾವಿನ ಕ್ಲೇಮುಗಳನ್ನು ತನಿಖೆ ಮಾಡುವುದು ಅಲ್ಲಿ ಅವನ ಕೆಲಸವಾಗಿತ್ತು. ಒಂದು ಸಲ ಅನುಮಾನ ಬಂತೆಂದರೆ ಉಡದ ಪಟ್ಟೇ ಸರಿ. ಕೆಲಸದಿಂದ ನಿವೃತ್ತನಾದರೂ ಪಟ್ಟು ನಿವೃತ್ತಿಯಾಗಿರಲಿಲ್ಲ. ಬಣ್ಣದ ಕಂಪನಿಯೊಂದರ ದಾನ, ನೆರವು ನೋಡಿಕೊಳ್ಳುತ್ತಿದ್ದ ಆಫೀಸರು, ಅದೇ ಕಂಪನಿ ಕಟ್ಟಿಸಿದ ಕಿಡ್ನಿ ಕೇಂದ್ರದ ಹಿಂದಿನ ಮೆಟ್ಟಿಲಿನಿಂದ ಬಿದ್ದು ಸತ್ತಾಗ, ಜಾರಿ ಬಿದ್ದದ್ದು ಎಂದು ಪೊಲೀಸರು ಕೈ ತೊಳೆದುಕೊಂಡರು. ಆಫೀಸರ ಹೆಂಡತಿಗೆ ಮಾತ್ರ ನಂಬಿಕೆ ಬರಲಿಲ್ಲ. ಇವತ್ತು ಸಂಜೆ ಆಕೆ ಠಾಣೆಗೆ ಹೋಗಿ, ಇದು ಆಕಸ್ಮಿಕ ಎಂದು ಸಹಿ ಹಾಕಬೇಕು. ಅಷ್ಟರೊಳಗೆ ಹೆಸರು ಹೇಳುತ್ತೇನೆ ಎಂದು ಉಡ ಮಾತು ಕೊಟ್ಟುಬಿಟ್ಟಿದ್ದ.

ಮಾತು ಕೊಟ್ಟದ್ದು ಒಂದು ಫ್ಲಾಸ್ಕನ್ನು ನಂಬಿ.

ಪೊಲೀಸರು ತೆಗೆದ ಫೋಟೋದಲ್ಲಿ ಆಫೀಸರ ಕನ್ನಡಕ ಒಡೆದು ಬಿದ್ದಿತ್ತು. ಒಂದು ಷೂ ಮೇಲಿನ ಮೆಟ್ಟಿಲಲ್ಲೇ ಉಳಿದಿತ್ತು, ಬ್ಯಾಗು ಬಾಯಿ ಬಿಟ್ಟುಕೊಂಡು ಮಗುಚಿತ್ತು. ಅಷ್ಟೆಲ್ಲ ಚೆಲ್ಲಾಪಿಲ್ಲಿಯ ನಡುವೆ ಅವರ ಸ್ಟೀಲ್ ಫ್ಲಾಸ್ಕು ಮಾತ್ರ ಗೋಡೆ ಬದಿ ನೆಟ್ಟಗೆ ನಿಂತಿತ್ತು. ಅದರ ಮೇಲಿನ ಹಳದಿ ಹಕ್ಕಿ, ಅಂದರೆ ಬಣ್ಣದ ಕಂಪನಿಯ ಗುರುತು, ಸರಿಯಾಗಿ ಎದುರಿಗೆ ಮುಖ ಮಾಡಿತ್ತು. ಉರುಳಿ ಬಿದ್ದ ಫ್ಲಾಸ್ಕು ತಾನಾಗಿ ಎದ್ದು ನಿಲ್ಲುವುದಿಲ್ಲ. ನಿಂತರೂ ಹಕ್ಕಿಯನ್ನು ನೋಡುವವರ ಕಡೆ ತಿರುಗಿಸಿಕೊಳ್ಳುವಷ್ಟು ಬುದ್ಧಿ ಅದಕ್ಕಿಲ್ಲ. ಯಾರೋ ಎತ್ತಿ ಇಟ್ಟಿದ್ದರು. ಎದೆ ನಡುಗುತ್ತಿದ್ದರೂ ಕೈ ತನ್ನ ಅಭ್ಯಾಸ ಬಿಟ್ಟಿರಲಿಲ್ಲ.

ಆ ಅಭ್ಯಾಸ ಎಲ್ಲಿಂದ ಬಂತೆಂದು ಹುಡುಕಿಕೊಂಡೇ ಉಡ ಕಂಪನಿಯ ದಾನದ ಗೋದಾಮಿಗೆ ಬಂದಿದ್ದ. ಈಗ ಗೋದಾಮೇ ಅವನನ್ನು ನುಂಗಿಕೊಂಡಿತ್ತು.

ಮಧ್ಯಾಹ್ನದ ಬಿಸಿಲಿಗೆ ತಗಡಿನ ಸೂರು ಕಾದು ಟಿಕ್ ಟಿಕ್ ಎನ್ನುತ್ತಿತ್ತು. ಮೇಲೆ ಜಾಲರಿ ಹೊಡೆದ ಒಂದು ಕಿಂಡಿ. ಅದರಲ್ಲಿ ಬೆಕ್ಕು ಕೂಡ ತೂರಲಾರದು. ಅಲ್ಲಿಂದ ಬಂದ ಬೆಳಕಿನಲ್ಲಿ ಹೊಲಿಗೆ ಮೆಷೀನು, ಕಂಬಳಿಯ ಕಟ್ಟು, ಶಾಲೆ ಬ್ಯಾಗು, ಸಾಲಾಗಿ ವೀಲ್‌ಚೇರು. ಎಲ್ಲದರ ಮೇಲೂ ಹಳದಿ ಹಕ್ಕಿ, ಎಲ್ಲ ಹಕ್ಕಿಯೂ ಬಾಗಿಲ ಕಡೆಗೆ. ನೋಡುವವರು ಯಾರೂ ಇಲ್ಲದ ಕತ್ತಲೆ ಕೋಣೆಯಲ್ಲೂ ಹೀಗೆ ಜೋಡಿಸಬೇಕಾದರೆ ಅದು ರಕ್ತಕ್ಕೇ ಇಳಿದಿರಬೇಕು.

ಉಡ ಒಂದು ವೀಲ್‌ಚೇರಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಸೀಟಿನ ಮೇಲಿನ ಪ್ಲಾಸ್ಟಿಕ್ ಹೊಚ್ಚ ಹೊಸದು. ಚಕ್ರದ ಸಂದಿಯಲ್ಲಿ ಮಾತ್ರ ಕೆಂಪು ಮಣ್ಣು ಒಣಗಿ ಅಂಟಿತ್ತು, ಅದರ ಮೇಲೆ ಸಿಮೆಂಟಿನ ಬೂದು ಪುಡಿ, ಅದರ ಮೇಲೆ ಹುಲ್ಲಿನ ಬೀಜ. ಊರೆಲ್ಲ ಸುತ್ತಿ ಬಂದ ಕುರ್ಚಿ, ಕೂರುವವರನ್ನು ಮಾತ್ರ ಕಂಡಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತಾರೆ ಹಿರಿಯರು. ಇಲ್ಲಿ ಬಲಗೈ ಕೊಟ್ಟದ್ದನ್ನು ಎಡಗೈ ಹಿಂದಿನಿಂದ ಎತ್ತಿಕೊಂಡು ಬರುತ್ತಿತ್ತು.

"ಬಗ್ಗಿ ಯಾಕೆ ಸೊಂಟ ನೋಯಿಸ್ಕೊತೀರಿ? ಕೂತ್ಕೊಂಡು ನೋಡಿ. ಕುರ್ಚಿಗೇನು ಬರ?"

ಉಡ ತಟ್ಟನೆ ತಿರುಗಿದ. ಸಾಲಿನ ಕೊನೆಯ ವೀಲ್‌ಚೇರಿನಲ್ಲಿ ಮಂಡಿಯ ಮೇಲೆ ಊರುಗೋಲು ಅಡ್ಡ ಇಟ್ಟುಕೊಂಡು ಒಬ್ಬ ಹೆಂಗಸು ಕೂತಿದ್ದರು. ಬಣ್ಣದ ಕಂಪನಿಯ ನೆರವು ವಿಭಾಗದ ಯಜಮಾನಿ. ಮಾಲೀಕರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರೂ ಆಕೆಯನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಉಡ ಬರುವ ಮೊದಲೇ ಬಂದು ಕೂತಿದ್ದರು ಎಂದರೆ, ಉಡ ಬರುತ್ತಾನೆ ಎಂಬುದೂ ಅವರಿಗೆ ಗೊತ್ತಿತ್ತು.

ಷಟರು ಇಳಿಸಲು ಹೇಳಿದ್ದು ನಾನೇ, ಹೊರಗೆ ನಮ್ಮ ಡ್ರೈವರು ಇದ್ದಾನೆ, ನಾನು ಕೋಲಿನಲ್ಲಿ ತಟ್ಟಿದರೆ ತೆಗೆಯುತ್ತಾನೆ, ಮಾತು ಮುಗಿಯುವ ತನಕ ತಟ್ಟುವುದಿಲ್ಲ ಎಂದು ದೊಡ್ಡಮ್ಮ ತಣ್ಣಗೆ ವಿವರಿಸಿದರು. ಆಕೆಯ ದನಿಯಲ್ಲಿ ಬೆದರಿಕೆ ಇರಲಿಲ್ಲ. ಬೆದರಿಸಿದ್ದರೆ ಉಡನಿಗೆ ಸುಲಭವಾಗುತ್ತಿತ್ತು.

ಆಫೀಸರ ಹೆಂಡತಿಯಿಂದ ಕೇಳಿ ತಂದಿದ್ದ ಅದೇ ಫ್ಲಾಸ್ಕನ್ನು ಅವನು ತನ್ನ ಚೀಲದಿಂದ ತೆಗೆದು ಇಬ್ಬರ ನಡುವಿನ ಹೊಲಿಗೆ ಮೆಷೀನಿನ ಮೇಲಿಟ್ಟ. ಬೇಕೆಂದೇ ಹಕ್ಕಿಯನ್ನು ಗೋಡೆಗೆ ತಿರುಗಿಸಿ ಇಟ್ಟ. ಇದು ಅವನ ಪರೀಕ್ಷೆ. ನಿನ್ನೆ ಕಂಪನಿಯ ಫೋಟೋಗ್ರಾಫರನ ಮುಂದೆ ಹೀಗೇ ಇಟ್ಟಿದ್ದ. ಅವನು ಮಾತಾಡುತ್ತಲೇ ಕೈಚಾಚಿ ತಿರುಗಿಸಿದ್ದ. ಬೆಳಿಗ್ಗೆ ಡ್ರೈವರನ ಮುಂದೆ ಇಟ್ಟಿದ್ದ, ಅವನೂ ತಿರುಗಿಸಿದ್ದ.

ದೊಡ್ಡಮ್ಮ ಏನೋ ಹೇಳಲು ಬಾಯಿ ತೆರೆದರು. ಹೇಳುವ ಮೊದಲೇ ಅವರ ಕೈ ಹೋಗಿ ಫ್ಲಾಸ್ಕನ್ನು ತಿರುಗಿಸಿತು. ಕೈ ಹಿಂದಕ್ಕೆ ಬಂದ ಮೇಲೆ ಅವರಿಗೆ ಗೊತ್ತಾಗಿ, ಸಣ್ಣಗೆ ನಕ್ಕರು.

"ಇದನ್ನ ಹಿಡ್ಕೊಂಡು ಹುಡುಕ್ತಿದ್ದೀರಾ? ಹಕ್ಕಿ ಕ್ಯಾಮೆರಾ ಕಡೆ ಇರಬೇಕು ಅಂತ ನಮ್ಮ ಹತ್ತಿರ ಬಂದವರಿಗೆಲ್ಲ ಕಲಿಸಿದ್ದೇ ನಾನು. ಈ ರೋಗ ಎಲ್ಲರಿಗೂ ಇದೆ. ಹಾಗಂತ ಎಲ್ಲರನ್ನೂ ಜೈಲಿಗೆ ಹಾಕ್ತೀರಾ?"

ಉಡನಿಗೆ ಅದು ಗೊತ್ತಿತ್ತು, ಅದೇ ಅವನ ತಲೆನೋವು. ಆಫೀಸರು ಸತ್ತ ಹೊತ್ತಿಗೆ ಫೋಟೋಗ್ರಾಫರ್ ಮತ್ತು ಡ್ರೈವರು ಊರಾಚೆಯ ಶಾಲೆಯೊಂದರಲ್ಲಿ ವೀಲ್‌ಚೇರು ಹಂಚುವ ಸಮಾರಂಭದಲ್ಲಿದ್ದರು. ಊರಿನ ಜನರೆಲ್ಲ ಅವರನ್ನು ನೋಡಿದ್ದರು. ಅಂದಿನ ಸಮಾರಂಭವೇ ದರಿದ್ರ, ಯಾವಾಗಲೂ ಸಾಮಾನು ಈಸಿಕೊಳ್ಳುವ ತಾಯಿ ಬರಲಿಲ್ಲ, ಕೊನೆಗೆ ಡ್ರೈವರನ ಅತ್ತೆಯನ್ನು ಹಿಡಿದು ನಿಲ್ಲಿಸಿದೆವು, ಆಯಮ್ಮ ಹಕ್ಕಿಯನ್ನು ತಲೆಕೆಳಗು ಹಿಡಿದಳು ಎಂದು ಫೋಟೋಗ್ರಾಫರ್ ಗೊಣಗಿದ್ದನ್ನು ಕೇಳಿ ಉಡ ನಕ್ಕಿದ್ದ. ಇನ್ನು ದೊಡ್ಡಮ್ಮ. ಮಂಡಿ ಸವೆದ ಈ ಹೆಂಗಸು ಆ ಕಡಿದಾದ ಮೆಟ್ಟಿಲು ಹತ್ತಿ ಒಬ್ಬ ಗಂಡಸನ್ನು ತಳ್ಳುವುದೆಂದರೆ ಆಗದ ಮಾತು.

"ಈ ಕುರ್ಚಿಗಳ ವಿಷಯ ಅವರಿಗೆ ಗೊತ್ತಾಯ್ತು. ಅದಕ್ಕೆ ತಾನೇ ಅವರು ಸತ್ತಿದ್ದು?" ಎಂದ ಉಡ.

ದೊಡ್ಡಮ್ಮ ಊರುಗೋಲಿನ ತುದಿಯಿಂದ ಒಂದು ಚಕ್ರವನ್ನು ಮೆಲ್ಲಗೆ ಸುತ್ತಿಸಿದರು. ಆಮೇಲೆ ಅವರು ಹೇಳಿದ್ದನ್ನು ಕೇಳುವಾಗ, ತಾನು ಕಳ್ಳಿಯ ಮುಂದೆ ಕೂತಿದ್ದೇನೋ ಪುಣ್ಯಾತ್ಗಿತ್ತಿಯ ಮುಂದೆ ಕೂತಿದ್ದೇನೋ ಉಡನಿಗೆ ತಿಳಿಯದಾಯಿತು.

ಬಣ್ಣದ ಕಂಪನಿಯ ಮಾಲೀಕರಿಗೆ ದಾನ ಎಂದರೆ ಫೋಟೋ. ವೀಲ್‌ಚೇರು ಎಂದರೆ ಹಣ ಬಿಡುಗಡೆ ಮಾಡುತ್ತಾರೆ, ಹೊಲಿಗೆ ಮೆಷೀನು ಎಂದರೆ ಮಾಡುತ್ತಾರೆ, ಟೀ ಷರ್ಟು ಹಾಕಿಕೊಂಡು ಓಡುವ ಓಟ ಎಂದರೆ ಕೇಳುವ ಮೊದಲೇ ಮಾಡುತ್ತಾರೆ. ಕಿಡ್ನಿ ಕೇಂದ್ರವನ್ನು ಕಟ್ಟಿ, ರಿಬ್ಬನ್ ಕತ್ತರಿಸಿ, ಫೋಟೋ ತೆಗೆಸಿಕೊಂಡು ಹೋದವರು ಅದನ್ನು ನಡೆಸಲು ದುಡ್ಡು ಬೇಕು ಎಂದಾಗ ಮುಖ ತಿರುಗಿಸಿದರು. ಮಲಗಿದ ರೋಗಿ, ರಕ್ತದ ನಳಿಕೆ, ಸುಸ್ತಾದ ಮುಖ, ಇದನ್ನೆಲ್ಲ ಯಾರು ನೋಡುತ್ತಾರೆ ಎಂದರು. ಆವತ್ತಿನಿಂದ ದೊಡ್ಡಮ್ಮ ವೀಲ್‌ಚೇರಿಗೆಂದು ಹಣ ತರಿಸಿಕೊಳ್ಳುತ್ತಾರೆ. ಕುರ್ಚಿ ಕೊಂಡದ್ದು ಒಂದೇ ಸಲ. ಅದೇ ಕುರ್ಚಿ ಊರೂರಿಗೆ ಹೋಗಿ ಫೋಟೋ ತೆಗೆಸಿಕೊಂಡು ವಾಪಸು ಬರುತ್ತದೆ. ಹಣ ಕಿಡ್ನಿ ಕೇಂದ್ರಕ್ಕೆ ಹೋಗುತ್ತದೆ.

"ನಾವು ಮಾಡೋದರಲ್ಲಿ ನಿಜವಾದದ್ದು ಅದೊಂದೇ," ಎಂದರು ದೊಡ್ಡಮ್ಮ. "ಅದು ಈ ಸುಳ್ಳಿನ ಮೇಲೆ ನಿಂತಿದೆ."

"ಆ ಕಾಲಿಲ್ಲದ ಟೈಲರ್ ಕೂಡ ನಿಜಾನೇ ಅಲ್ವಾ ದೊಡ್ಡಮ್ಮ?"

ಸುತ್ತುತ್ತಿದ್ದ ಚಕ್ರವನ್ನು ದೊಡ್ಡಮ್ಮ ಕೋಲಿನಿಂದ ತಡೆದು ನಿಲ್ಲಿಸಿದರು. ಆ ಟೈಲರನನ್ನು ಉಡ ಹೋಗಿ ನೋಡಿದ್ದ. ಕುರ್ಚಿ ಕೊಟ್ಟರು, ಚಪ್ಪಾಳೆ ತಟ್ಟಿದರು, ಜನ ಹೋದ ಮೇಲೆ ನಟ್ಟು ಸಡಿಲವಾಗಿದೆ ಎಂದು ಎತ್ತಿಕೊಂಡು ಹೋದವರು ಮತ್ತೆ ಬರಲಿಲ್ಲ. ಅವನು ತೆವಳಿಕೊಂಡೇ ಆಫೀಸರ ಮನೆ ಬಾಗಿಲಿಗೆ ಹೋಗಿ ಕೂತ. ಅಂದಿನಿಂದ ಆಫೀಸರಿಗೆ ಊಟ ಸೇರಲಿಲ್ಲ, ಎಲ್ಲವನ್ನೂ ಬಾಯಿಬಿಟ್ಟು ಹೇಳಿಬಿಡುತ್ತೇನೆ ಎನ್ನುತ್ತಿದ್ದರು ಎಂದು ಅವರ ಹೆಂಡತಿ ಅತ್ತಿದ್ದಳು.

"ಟೈಲರನ ಗಲಾಟೆ ಆದ ಮೇಲೆ ಹೊರಗಿನವರನ್ನ ಕರೆಯೋದು ಬಿಟ್ವಿ," ಎಂದರು ದೊಡ್ಡಮ್ಮ ಕೊನೆಗೆ. "ಈಗ ಕೇಂದ್ರಕ್ಕೆ ಬರೋ ನಮ್ಮವರನ್ನೇ ನಿಲ್ಲಿಸ್ತೀವಿ. ನೋಡಿ."

ಮಡಿಲಲ್ಲಿದ್ದ ಆಲ್ಬಮ್ಮನ್ನು ಚಾಚಿದರು. ಉಡ ಕಿಂಡಿಯ ಬೆಳಕಿಗೆ ಹಿಡಿದ. ಮೊದಲ ಪುಟದಲ್ಲಿ ವೀಲ್‌ಚೇರಿನ ಹಿಡಿಕೆ ಹಿಡಿದು ನಗುತ್ತಿದ್ದವಳು ಅವನ ತಂಗಿ.

ಪುಟ ತಿರುಗಿಸಿದ. ತಂಗಿಯ ತೋಳಲ್ಲಿ ಕಂಬಳಿ. ತಿರುಗಿಸಿದ. ತಂಗಿಯ ಮುಂದೆ ಹೊಲಿಗೆ ಮೆಷೀನು. ಇನ್ನೊಂದರಲ್ಲಿ ಶಾಲೆ ಬ್ಯಾಗು. ಬೇರೆ ಬೇರೆ ಬಟ್ಟೆ, ಬೇರೆ ಬೇರೆ ಊರು, ಒಂದೇ ನಗು. ಹುಟ್ಟಿದಾಗಿನಿಂದ ಅವಳನ್ನು ನೋಡಿದ ಅಣ್ಣ ಅವನು. ಅವಳು ಹಾಗೆ ನಗುವುದೇ ಇಲ್ಲ.

ತಂಗಿಯ ಮಗಳು ಚೂಟಿ ಆ ಕೇಂದ್ರದಲ್ಲೇ ಮಲಗುತ್ತಾಳೆ. ವಾರಕ್ಕೆ ಎರಡು ಮೂರು ಸಲ ರಕ್ತ ತೊಳೆಸದೆ ಆ ಹುಡುಗಿ ಉಳಿಯುವುದಿಲ್ಲ, ಬೇರೆಲ್ಲೂ ತೊಳೆಸುವ ಶಕ್ತಿ ಅಣ್ಣ ತಂಗಿ ಇಬ್ಬರಿಗೂ ಇಲ್ಲ. ಅವಳನ್ನು ಕಾಯುತ್ತ ಕೂರುತ್ತಿದ್ದಾಗಲೇ ಉಡನಿಗೆ ಆಫೀಸರ ಸ್ನೇಹವಾದದ್ದು. ಈ ಕೇಸು ಹಿಡಿದ ದಿನ ತಂಗಿ ಬೇಡ ಎಂದು ಕೈ ಹಿಡಿದುಕೊಂಡಿದ್ದಳು. ನಮ್ಮ ತಟ್ಟೆಗೆ ನೀನೇ ಮಣ್ಣು ಹಾಕಬೇಡ ಎಂದಿದ್ದಳು. ಉಪ್ಪಿನ ಋಣಕ್ಕೆ ಹಾಗಂತಾಳೆ ಎಂದುಕೊಂಡು ಅವನು ಕಿವಿಗೆ ಹಾಕಿಕೊಂಡಿರಲಿಲ್ಲ.

"ಇದು ಹೊರಗೆ ಬಿದ್ದರೆ ನನ್ನನ್ನ ಹಿಡೀತಾರೆ, ಹಿಡೀಲಿ. ಮುದುಕಿಗೆ ಜೈಲಾದರೇನು, ಬೈಲಾದರೇನು," ಎಂದರು ದೊಡ್ಡಮ್ಮ. "ಆದರೆ ಮಾರನೇ ದಿನ ಕೇಂದ್ರಕ್ಕೆ ಬೀಗ. ಮಾಲೀಕರಿಗೆ ಅಷ್ಟೇ ನೆಪ ಬೇಕಾಗಿರೋದು. ಆಫೀಸರನ್ನ ನಾನು ಕೊಲ್ಲಲಿಲ್ಲ. ಯಾರು ಅಂತ ನಂಗೊತ್ತಿಲ್ಲ, ತಿಳ್ಕೊಳ್ಳೋ ಆಸೆನೂ ಇಲ್ಲ. ಜಾರಿ ಬಿದ್ದರು ಅಂತ ಆ ಹೆಂಗಸಿಗೆ ಹೇಳಿಬಿಡಿ."

ಉಡನ ಬಾಯಲ್ಲಿ ಬಿಸಿತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ನಾಚಿಕೆಯಾಯಿತು, ಸಿಟ್ಟೂ ಬಂತು, ಎರಡೂ ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಇಷ್ಟು ವರ್ಷ ಎಷ್ಟೋ ಜನ ಅವನನ್ನು ಕೊಂಡುಕೊಳ್ಳಲು ನೋಡಿದ್ದರು. ತನ್ನನ್ನು ಆಗಲೇ ಯಾರೋ ಕೊಂಡಾಗಿದೆ ಎಂದು ಅವನಿಗೆ ತಿಳಿದದ್ದು ಇವತ್ತು.

ಯೋಚಿಸುತ್ತೇನೆ ಎಂದಷ್ಟೇ ಹೇಳಿ ಫ್ಲಾಸ್ಕನ್ನು ಚೀಲಕ್ಕೆ ಹಾಕಿಕೊಂಡ. ದೊಡ್ಡಮ್ಮ ಕೋಲಿನಿಂದ ತಟ್ಟಿದರು. ಷಟರು ಮೇಲೇರಿತು. ಹೊರಗಿನ ಬಿಸಿಲಿಗೆ ಬಂದರೂ ಉಡನಿಗೆ ಬಿಡುಗಡೆಯಾದ ಹಾಗೆ ಅನ್ನಿಸಲಿಲ್ಲ.

ಕಿಡ್ನಿ ಕೇಂದ್ರದ ಉದ್ದನೆಯ ಕೋಣೆಯಲ್ಲಿ ಮೆಷೀನುಗಳು ಒಂದೇ ಸಮ ಗುಂಯ್ ಎನ್ನುತ್ತಿದ್ದವು. ಕಿಟಕಿ ಪಕ್ಕದ ಹಾಸಿಗೆಯಲ್ಲಿ ಚೂಟಿ ಮಲಗಿದ್ದಳು. ಅವಳ ತೋಳಿನಿಂದ ಹೊರಟ ರಕ್ತ ನಳಿಕೆಯಲ್ಲಿ ಹೋಗಿ, ತೊಳೆಸಿಕೊಂಡು, ಇನ್ನೊಂದು ನಳಿಕೆಯಲ್ಲಿ ವಾಪಸು ಬರುತ್ತಿತ್ತು. ತಂಗಿ ಪಕ್ಕದ ಸ್ಟೂಲಿನ ಮೇಲೆ ಕೂತು ಮಗಳ ಪಾದ ಒತ್ತುತ್ತಿದ್ದಳು.

"ಮಾಮ, ಯಾಕೆ ಹರಳೆಣ್ಣೆ ಕುಡಿದ ಮುಖ ಹಾಕ್ಕೊಂಡು ಬಂದಿದ್ದೀಯ?" ಎಂದಳು ಚೂಟಿ. "ಕಳ್ಳ ಸಿಕ್ಕಲಿಲ್ವಾ?"

ಕಳ್ಳ ನಿನ್ನ ಹಾಗೇ ಚೂಟಿ ಕಣೇ, ಕೈಗೆ ಸಿಗ್ತಾ ಇಲ್ಲ ಎಂದು ಅವಳ ಮೂಗು ಹಿಂಡಿ ನಗಿಸಿದ. ಅವಳು ಕಣ್ಣು ಮುಚ್ಚಿಕೊಂಡ ಮೇಲೆ ತಂಗಿಯ ಕಡೆ ತಿರುಗಿ, ದನಿ ತಗ್ಗಿಸಿ, ಟೈಲರನ ಕಥೆಯನ್ನೂ ಆಲ್ಬಮ್ಮು ನೋಡಿ ಬಂದದ್ದನ್ನೂ ಹೇಳಿದ. ಹೊಟ್ಟೆಯಲ್ಲಿದ್ದ ಸಿಟ್ಟೆಲ್ಲ ಅವಳ ಮೇಲೆ ಹೋಯಿತು. ಅಣ್ಣ ಅಂತ ಒಬ್ಬ ಇದ್ದಾನೆ ಎಂಬುದು ನೆನಪಿರಲಿಲ್ಲವಾ, ಊರೂರು ತಿರುಗಿ ಕೈಚಾಚಿ ನಿಂತು ಬರ್ತಿದ್ದೆಯಲ್ಲ, ಒಂದು ಮಾತು ಹೇಳಬಾರದಿತ್ತಾ ಎಂದು ಕೇಳಿದ.

ತಂಗಿ ಪಾದ ಒತ್ತುವುದನ್ನು ನಿಲ್ಲಿಸಲಿಲ್ಲ. "ನಾನು ಅಲ್ಲಿ ನಿಂತಿದ್ದಕ್ಕೆ ಇವಳು ಇಲ್ಲಿ ಮಲಗೋಕಾಗಿದ್ದು," ಎಂದಳು.

ಅವಳು ಎದ್ದು ಹೋಗಿ ಅವನಿಗೆ ನೀರು ತಂದುಕೊಟ್ಟಳು. ಕೇಂದ್ರದ ಮಗ್ಗು, ಎಲ್ಲದರ ಮೇಲಿರುವ ಹಾಗೆ ಅದರ ಮೇಲೂ ಹಳದಿ ಹಕ್ಕಿ. ಅವನು ಅರ್ಧ ಕುಡಿದು ಹಾಸಿಗೆ ಪಕ್ಕದ ಕಪಾಟಿನ ಮೇಲಿಟ್ಟ. ಪರೀಕ್ಷೆಗೆಂದು ಇಟ್ಟದ್ದಲ್ಲ, ಸುಮ್ಮನೆ ಇಟ್ಟ.

ಟೈಲರನ ಪಾಪ ಯಾರಿಗೂ ಬೇಡ, ಅವನಿಗೊಂದು ಕುರ್ಚಿ ಕೊಡಿಸೋಣ ಅಣ್ಣ, ನಾನೂ ಮನೆಗೆಲಸ ಹಿಡಿದು ಒಂದಿಷ್ಟು ಸೇರಿಸ್ತೀನಿ ಎಂದು ತಂಗಿ ಏನೇನೋ ಹೇಳುತ್ತಿದ್ದಳು. ಹೇಳುತ್ತಲೇ ಮಗ್ಗು ಎತ್ತಿ, ಅದರ ಅಡಿಯ ನೀರನ್ನು ಕರ್ಚೀಫಿನಿಂದ ಒರೆಸಿ, ಮತ್ತೆ ಇಟ್ಟಳು. ಇಟ್ಟು, ಬೆರಳಿನಿಂದ ಒಂಚೂರು ತಿರುಗಿಸಿದಳು.

ಹಕ್ಕಿ ಬಾಗಿಲ ಕಡೆ ನೋಡಿತು. ಬಾಗಿಲಲ್ಲಿ ಯಾರೂ ಇರಲಿಲ್ಲ.

ಇಷ್ಟು ದಿನ ಉಡ ಕೊಡುವವರ ಕೈಗಳನ್ನೇ ನೋಡಿಕೊಂಡು ತಿರುಗಿದ್ದ. ತೆಗೆದುಕೊಳ್ಳುವವರಿಗೂ ದೊಡ್ಡಮ್ಮ ಅದೇ ಪಾಠ ಹೇಳಿಕೊಟ್ಟಿರುತ್ತಾರೆ ಎಂಬುದು ಅವನ ತಲೆಗೆ ಹೋಗಿರಲಿಲ್ಲ. ಫೋಟೋಗ್ರಾಫರನ ಗೊಣಗಾಟ ನೆನಪಾಯಿತು. ಯಾವಾಗಲೂ ಸಾಮಾನು ಈಸಿಕೊಳ್ಳುವ ತಾಯಿ ಆಫೀಸರು ಸತ್ತ ದಿನ ಬರಲಿಲ್ಲ. ಅವರು ಬಿದ್ದ ಹಿಂದಿನ ಮೆಟ್ಟಿಲಿನ ಬಾಗಿಲು ಈ ಕೋಣೆಯ ತುದಿಯಲ್ಲೇ ಇತ್ತು. ಅವನು ಕೂತಲ್ಲಿಂದಲೇ ಕಾಣುತ್ತಿತ್ತು.

ಎಷ್ಟೋ ಮನೆಗಳಲ್ಲಿ, ಎಷ್ಟೋ ಹೆಣಗಳ ಪಕ್ಕ ಪ್ರಶ್ನೆ ಕೇಳಿದ ಬಾಯಿ ಅದು. ಇವತ್ತು ತೊದಲಿತು.

"ಆವತ್ತು ನೀನು ಫೋಟೋಗೆ ಯಾಕೆ ಹೋಗಲಿಲ್ಲ?"

ಯಾವತ್ತು ಎಂದು ತಂಗಿ ಕೇಳಲಿಲ್ಲ.

ಕೇಳಲಿ ಎಂದು ಉಡ ಕಾದ. ದೇವರೇ, ಯಾವತ್ತು ಅಣ್ಣ ಅಂತ ಒಂದು ಮಾತು ಕೇಳಿಬಿಡಲಿ ಎಂದು ಕಾದ. ಅವಳು ಮಗಳ ಮುಖ ನೋಡಿದಳು, ನಳಿಕೆಯಲ್ಲಿ ಓಡುತ್ತಿದ್ದ ರಕ್ತ ನೋಡಿದಳು. ಆಮೇಲೆ ಚೂಟಿಗೆ ಕೇಳಿಸದ ಹಾಗೆ ಹೇಳಿದಳು:

"ಮೆಷೀನು ನಿಲ್ಲೋವರೆಗೂ ಏನೂ ಕೇಳಬೇಡ ಅಣ್ಣ."

ಉಡನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ತೆಗೆದು ನೋಡಿದ. ಆಫೀಸರ ಹೆಂಡತಿ. ಕಿಟಕಿಯಾಚೆ ಬಿಸಿಲು ಆಗಲೇ ಇಳಿದಿತ್ತು. ಆಕೆ ಠಾಣೆಯ ಬಾಗಿಲಲ್ಲಿ ಹೆಸರಿಗಾಗಿ ಕಾಯುತ್ತ ನಿಂತಿರಬೇಕು.

ಸದ್ದಿಗೆ ಚೂಟಿ ಕಣ್ಣು ಬಿಟ್ಟಳು. "ಮಾಮ, ಫೋನು. ಎತ್ತಿ ಮಾತಾಡು."

ಎತ್ತಲು ಹೋದ ಕೈಯನ್ನು ತಂಗಿ ಮಣಿಕಟ್ಟಿನಲ್ಲಿ ಹಿಡಿದುಕೊಂಡಳು. ಬಿಡಿಸಿಕೊಳ್ಳಲು ನೋಡಿದ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವಳಲ್ಲವೇ, ಪಟ್ಟು ಅವನದಕ್ಕಿಂತ ಗಟ್ಟಿಯಾಗಿತ್ತು.

ಫೋನು ಹೊಡೆದುಕೊಳ್ಳುತ್ತಲೇ ಇತ್ತು.